ಟ್ರೈಸಿಕಲ್ ಫೋಟೊ ಸಾಕು, ಪಂಚಾಯ್ತಿಯಲ್ಲೊಂದು ಚಾಪೆ ಹಾಸಿ

ಡಿಸೆಂಬರ್ 3 ಬಂತೆಂದರೆ ನಮ್ಮಂಥ ಬಿಡಿ ವರದಿಗಾರರಿಗೆ ಒಂದು ಸುದ್ದಿ ಖಾತ್ರಿ. ಅಂದು ವಿಶ್ವ ವಿಕಲಚೇತನರ ದಿನ. ಶಾಮಿಯಾನ ಹಾಕಿರುತ್ತಾರೆ, ಟ್ರೈಸಿಕಲ್‌ಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ಶಾಸಕರು ಬಂದು ಒಂದರ ಹ್ಯಾಂಡಲ್ ಹಿಡಿಯುತ್ತಾರೆ, ನಾವು ಫೋಟೊ ಹೊಡೆಯುತ್ತೇವೆ. "ಅಂಗವೈಕಲ್ಯ ಶಾಪವಲ್ಲ" ಅನ್ನೋ ಭಾಷಣದ ಸಾಲೇ ತಲೆಬರಹ. ಮರುದಿನ ಪೇಪರಿನಲ್ಲಿ ಎರಡು ಕಾಲಂ. ಮತ್ತೆ ಆ ವಿಷಯ ನೆನಪಾಗೋದು ಮುಂದಿನ ಡಿಸೆಂಬರ್‌ಗೇ.

ಹೀಗೆ ಎಂಟು ವರ್ಷ ಬರೆದೆವು. ಮಾರ್ಚ್ 3ರ ವಿಶ್ವ ಶ್ರವಣ ದಿನದ ಸುದ್ದಿಯನ್ನೂ ಬರೆದೆವು, ಉಚಿತ ಕಿವಿ ತಪಾಸಣಾ ಶಿಬಿರದ ಸುದ್ದಿಯನ್ನೂ ಬರೆದೆವು. ಅದೇ ಹೊತ್ತಿಗೆ ನಮ್ಮದೇ ಮನೆಯಲ್ಲಿ, ಅಣ್ಣನ ಮಗಳು, ಎರಡೂವರೆ ವರ್ಷದ ಕೂಸು, ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆ ಶಿಬಿರಕ್ಕೆ ಅವಳನ್ನು ಕರೆದುಕೊಂಡು ಹೋಗಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು ಅಂದುಕೊಳ್ಳಿ.

ವೈನಿಗೆ ಮಾತ್ರ ಮೊದಲೇ ಗೊತ್ತಿತ್ತು. "ನನಗ ಆರನೇ ತಿಂಗಳಿಗೇ ಅನುಮಾನ ಬಂದಿತ್ತು. ಮಿಕ್ಸಿ ಹಚ್ಚಿದರೂ ಏಳತಿದ್ದಿಲ್ಲ" ಅನ್ನುತ್ತಾರೆ ಈಗ. ಆಗಲೂ ಹೇಳಿದ್ದರು. ನಮ್ಮ ಅವ್ವ "ನಮ್ಮ ಮಂದ್ಯಾಗ ಎಲ್ಲರೂ ತಡಾ ಮಾಡೇ ಮಾತಾಡ್ಯಾರ, ಇಕಿಯಪ್ಪ ಮೂರು ವರ್ಷಕ್ಕ ಬಾಯಿ ಬಿಟ್ಟಾನ, ಸುಮ್ನಿರು" ಅಂದರು. ಓಣಿಯ ಹಿರಿಯರೊಬ್ಬರು ಸ್ಟೀಲ್ ತಟ್ಟೆ ಬಡಿದು ನೋಡಿದರು. ಕೂಸು ತಿರುಗಿತು. "ನೋಡ್ರಿ, ಕಿವಿ ಛಲೋ ಅದಾವ" ಅಂತ ತೀರ್ಪಾಯಿತು. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ನಾಲಿಗೆ ಕೆಳಗಿನ ನರ ಕೊಯ್ಸಿದರೆ ಮಾತು ಬರುತ್ತದೆ ಅಂತ ಒಬ್ಬರು ಹೇಳಿದರು. ದೇವರ ಪುಣ್ಯ, ಅದನ್ನು ಮಾಡಿಸಲಿಲ್ಲ.

ತಟ್ಟೆಯ ಪರೀಕ್ಷೆ ಯಾಕೆ ತಪ್ಪು ಅಂತ ನಮಗೆ ತಿಳಿದದ್ದು ಮೂರೂವರೆ ವರ್ಷಕ್ಕೆ, ಜಿಲ್ಲಾ ಕೇಂದ್ರದಲ್ಲಿ ಕಿವಿ ಪರೀಕ್ಷೆ ಮಾಡಿಸಿದಾಗ. ಬಹಳ ಮಕ್ಕಳಿಗೆ ಪೂರ್ತಿ ಕಿವುಡು ಇರುವುದಿಲ್ಲ. ತಟ್ಟೆ, ಪಟಾಕಿ, ಟ್ರ್ಯಾಕ್ಟರ್ ಕೇಳಿಸುತ್ತದೆ, ಅವ್ವನ ಮಾತು ಕೇಳಿಸುವುದಿಲ್ಲ. ಮಾತು ಕೇಳದ ಕೂಸಿಗೆ ಮಾತು ಬರುವುದಾದರೂ ಹೇಗೆ? ಹುಟ್ಟಿದ ವಾರದಲ್ಲಿ ಅವಳಿಗೆ ಕಾಮಾಲೆ ಜೋರಾಗಿತ್ತು, ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕು ಅಂತ ನಾಲ್ಕು ದಿನ ಕಳೆದಿದ್ದೆವು. ಅದೇ ಕಾರಣ ಅಂತ ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಆದರೆ ಮೈಯೆಲ್ಲ ಹಳದಿಯಾದ ಹಸುಗೂಸನ್ನು ಬಿಸಿಲಿಗೆ ಹಿಡಿದುಕೊಂಡು ಕೂಡಬೇಡಿ, ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ತಲೆಗೇರಿದ ಕಾಮಾಲೆ ಕಿವಿಯನ್ನೂ ಕೈಕಾಲಿನ ಹಿಡಿತವನ್ನೂ ಕೆಡಿಸಬಲ್ಲದು.

ಇದು ನಮ್ಮೊಂದು ಮನೆಯ ಕತೆಯಲ್ಲ. ಬೆಳವಣಿಗೆಯಲ್ಲಿ ಹಿಂದೆ ಬೀಳುವ ಮಕ್ಕಳು ಎಷ್ಟಿದ್ದಾರೆ ಅಂತ ನೋಡಲು ದೇಶದ ಐದು ಕಡೆ, ಹರಿಯಾಣದ ಪಲ್ವಲ್, ಹಿಮಾಚಲದ ಕಾಂಗ್ರಾ, ಒಡಿಶಾದ ಢೇಂಕನಾಲ್, ಉತ್ತರ ಗೋವಾ ಮತ್ತು ಹೈದರಾಬಾದಿನಲ್ಲಿ, ಒಂದು ದೊಡ್ಡ ಅಧ್ಯಯನ ನಡೆದಿತ್ತು. 2018ರಲ್ಲಿ ಅದು ಪ್ರಕಟವಾಯಿತು. 2ರಿಂದ 6 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 9, 6ರಿಂದ 9 ವರ್ಷದವರಲ್ಲಿ ನೂರಕ್ಕೆ 13-14 ಮಕ್ಕಳಿಗೆ ಒಂದಲ್ಲ ಒಂದು ತೊಂದರೆ ಕಂಡಿತು. ಕಿವಿ, ಮಾತು, ಬುದ್ಧಿಮಟ್ಟ, ಮೂರ್ಛೆ ರೋಗ, ಆಟಿಸಂ, ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿ, ಓದು-ಬರಹದ ತೊಡಕು ಎಲ್ಲ ಸೇರಿ. ಅಂದರೆ 40 ಮಕ್ಕಳ ತರಗತಿಯಲ್ಲಿ ಐವರು. ಅದೇ ವರ್ಷ ಹೊರಬಂದ ಜಾಗತಿಕ ಲೆಕ್ಕದ ಪ್ರಕಾರ 5 ವರ್ಷದೊಳಗಿನ ಇಂಥ ಮಕ್ಕಳು ಜಗತ್ತಿನಲ್ಲಿ ಸುಮಾರು 5.3 ಕೋಟಿ. ಅವರಲ್ಲಿ ನೂರಕ್ಕೆ 95 ಮಕ್ಕಳು ಇರುವುದು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಚಿಕಿತ್ಸೆ ಕೊಡುವವರು ಹೆಚ್ಚಾಗಿ ಇರುವುದು ಎಲ್ಲಿ ಅಂತ ನಿಮಗೇ ಗೊತ್ತು.

ನಿಮ್ಮೂರಿನಲ್ಲಿ ಅಷ್ಟು ಮಕ್ಕಳು ಕಾಣುವುದಿಲ್ಲ ಅನ್ನುತ್ತೀರಾ? ಕಾಣುವುದಿಲ್ಲ, ನಿಜ. ಅವರಿಗೆ ಬೇರೆ ಹೆಸರಿದೆ. ಒಬ್ಬ "ಹಠಮಾರಿ", ಒಬ್ಬಳು "ಮಳ್ಳಿ", ಇನ್ನೊಬ್ಬ "ದಡ್ಡ", ಮತ್ತೊಂದು ಕೂಸು ಹಿಂದಿನ ಕೋಣೆಯಲ್ಲಿದೆ.

ಅದನ್ನು ಕೋಣೆಯಲ್ಲಿಟ್ಟ ತಾಯಿ-ತಂದೆಯನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ. ಅಕ್ಕನಿಗೆ ಗಂಡು ನೋಡಲು ಬಂದವರು ತಮ್ಮನ ಬಗ್ಗೆ ಕೇಳುತ್ತಾರೆ. ಮನೆತನದಲ್ಲೇ ದೋಷ ಅಂತ ಎದ್ದು ಹೋದವರನ್ನು ನಾವೇ ನೋಡಿದ್ದೇವೆ. ಗ್ರಹಣದ ದಿನ ಹೊರಗೆ ಬಂದಿದ್ದಳು, ಬಸುರಿಯಲ್ಲಿ ಅದು ತಿಂದಳು, ಇದು ಮುಟ್ಟಿದಳು ಅಂತ ತಪ್ಪೆಲ್ಲ ಸೊಸೆಯ ತಲೆಗೆ. ಹುಟ್ಟಿದ ಕೂಡಲೇ ಅಳದ ಕೂಸು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಕಾಮಾಲೆ ತಲೆಗೇರಿದ ಕೂಸು ಇವಕ್ಕೂ ಗ್ರಹಣಕ್ಕೂ ಸಂಬಂಧ ಇಲ್ಲ. ಸೋದರಮಾವನ ಜೊತೆಗಿನ ಮದುವೆ, ಅತ್ತೆ-ಮಾವನ ಮಕ್ಕಳ ಮದುವೆಗೆ ಮಾತ್ರ ಸಂಬಂಧ ಇದೆ. ಹುಟ್ಟುಕಿವುಡು ಸೇರಿದಂತೆ ಕೆಲವು ತೊಂದರೆಗಳು ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚು. ಆ ಮದುವೆ ಗೊತ್ತು ಮಾಡಿದವರು ಯಾರು? ಸೊಸೆಯಂತೂ ಅಲ್ಲ.

ನಿಮಗೆ ನೆನಪಿರಬಹುದು. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ವಿಕಲಚೇತನ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಕೈಕಾಲು ಸರಿಹೋಗುತ್ತದೆ ಅಂತ. ಆ ಫೋಟೊ ದೇಶವೆಲ್ಲ ಸುತ್ತಿತು. ನಾವು ಪತ್ರಕರ್ತರೂ ಮೂಢನಂಬಿಕೆ, ಅಜ್ಞಾನ ಅಂತ ಪುಟ ತುಂಬಿಸಿದೆವು. ಆ ಮಕ್ಕಳನ್ನು ಹಾಗೆ ಹೂತದ್ದು ತಪ್ಪೇ, ಎರಡು ಮಾತಿಲ್ಲ. ಆದರೆ ಆ ತಾಯಂದಿರ ಮನೆಯಿಂದ ವಾರಕ್ಕೊಮ್ಮೆ ನಡೆದು ಹೋಗುವಷ್ಟು ದೂರದಲ್ಲಿ ಫಿಸಿಯೋಥೆರಪಿ ಇತ್ತೇ ಅಂತ ಎಷ್ಟು ಮಂದಿ ಕೇಳಿದೆವು? ಗುಂಡಿಯಾದರೂ ಹತ್ತಿರದಲ್ಲಿತ್ತು.

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳುವುದಿಲ್ಲ. ಕಾಗದದ ಮೇಲೆ ನೋಡಿದರೆ ಬಹಳ ಇದೆ. ಕೂಸಿಗೆ 3, 6, 9, 12 ಮತ್ತು 15 ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೇ ಬಂದು ನೋಡಬೇಕು. ಇದಕ್ಕೆ ಆಕೆಗೆ ಸಿಗುವುದು ಭೇಟಿಗೆ 50 ರೂಪಾಯಿ. (2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಅಕ್ಕಂದಿರು ಚಳಿಯಲ್ಲಿ ಮಲಗಿ ಗೌರವಧನಕ್ಕೆ ಹೋರಾಡಿದ್ದನ್ನು ನೆನಪಿಟ್ಟುಕೊಂಡು ಈ ಸಾಲು ಓದಿ.) 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ, ಜನ ಆರ್‌ಬಿಎಸ್‌ಕೆ ಗಾಡಿ ಅನ್ನುತ್ತಾರಲ್ಲ ಅದು, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಅದನ್ನು ಡಿಇಐಸಿ ಅನ್ನುತ್ತಾರೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಿಗೆ ಅಂತಲೇ ವಿಶೇಷಚೇತನ ಮಕ್ಕಳ ಕೈಪಿಡಿ ತಂದಿತು.

ಹಾಗಾದರೆ ಮಕ್ಕಳು ತಪ್ಪಿಹೋಗುವುದು ಎಲ್ಲಿ? ನಮ್ಮ ರಾಯಚೂರು ಕಡೆ ಮೊದಲ ಉತ್ತರ ಗುಳೆ. ಸುಗ್ಗಿ ಮುಗಿದ ಕೂಡಲೇ ಗಂಡ-ಹೆಂಡತಿ ಕೂಸನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಆಶಾ ಅಕ್ಕ ಬಂದಾಗ ಮನೆಗೆ ಬೀಗ. ಗಾಡಿ ಬಂದಾಗ ಅಂಗನವಾಡಿಯಲ್ಲಿ ಆ ಕೂಸು ಗೈರುಹಾಜರು. ಬೆಂಗಳೂರಿನ ಶೆಡ್ಡಿನಲ್ಲಿ ಆ ಕೂಸು ಯಾರ ರಿಜಿಸ್ಟರಿನಲ್ಲೂ ಇಲ್ಲ. ಹಬ್ಬಕ್ಕೆ ವಾಪಸ್ ಬರುವ ಹೊತ್ತಿಗೆ ಆರು ತಿಂಗಳು ಹೋಗಿರುತ್ತದೆ. ದೊಡ್ಡವರ ಆರು ತಿಂಗಳು ಬೇರೆ, ಒಂದು ವರ್ಷದ ಕೂಸಿನ ಆರು ತಿಂಗಳು ಬೇರೆ. ಮೊದಲ ಮೂರು ವರ್ಷದಲ್ಲಿ ಮಿದುಳು ಬೆಳೆಯುವ ವೇಗ ಮುಂದೆಂದೂ ಇರುವುದಿಲ್ಲ.

ಎರಡನೇ ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಡೀ ಜಗಳ ಇರುವುದು ಅಲ್ಲೇ.

ಮೂರೂವರೆ ವರ್ಷಕ್ಕೆ ಕೂಸಿನ ತೊಂದರೆ ಪತ್ತೆಯಾಯಿತು. ಕಿವಿಗೆ ಮಷೀನೂ ಬಂತು, ಉಚಿತವಾಗಿಯೇ. ಸರ್ಕಾರದ ಲೆಕ್ಕದಲ್ಲಿ ಈ ಕೇಸು ಅಲ್ಲಿಗೆ ಮುಗಿಯಿತು. ಪತ್ತೆ ಆಗಿದೆ, ಸಾಧನ ವಿತರಣೆ ಆಗಿದೆ, ಎರಡೂ ಖಾನೆಗೆ ಟಿಕ್. ಆದರೆ ಮಷೀನು ಹಾಕಿದ ಕೂಡಲೇ ಕೂಸು ಮಾತಾಡುವುದಿಲ್ಲ. ಮೂರೂವರೆ ವರ್ಷ ಕೇಳದ ಕಿವಿಗೆ ಈಗ ಬರುವುದೆಲ್ಲ ಗದ್ದಲ. ಯಾವ ಸದ್ದು ಏನು ಅಂತ ಒಂದೊಂದಾಗಿ ಕಲಿಸಬೇಕು. ವಾರಕ್ಕೊಮ್ಮೆಯಾದರೂ ಸ್ಪೀಚ್ ಥೆರಪಿಗೆ ಬನ್ನಿ ಅಂದರು.

ನಮ್ಮೂರಿನಿಂದ ತಾಲ್ಲೂಕಿಗೆ ಒಂದು ಬಸ್ಸು, ಅಲ್ಲಿಂದ ರಾಯಚೂರಿಗೆ ಇನ್ನೊಂದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಅದು ದೊಡ್ಡ ಉಪಕಾರ, ಇಲ್ಲದಿದ್ದರೆ ವೈನಿ ಮೊದಲ ವಾರವೇ ಕೈಬಿಡುತ್ತಿದ್ದರು. ಆದರೆ ಟಿಕೆಟ್ಟೊಂದೇ ಖರ್ಚಲ್ಲ. ಬೆಳಗ್ಗೆ ಆರಕ್ಕೆ ಹೊರಟರೆ ರಾತ್ರಿ ಏಳಕ್ಕೆ ಮನೆ. ಆ ದಿನದ ಕೂಲಿ ಹೋಯಿತು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಒಂದು ದಿನ ತಪ್ಪಿಸಿದರೆ ಮೇಸ್ತ್ರಿ ಮರುದಿನ ಬೇರೆಯವರನ್ನು ಕರೆಯುತ್ತಾನೆ. ದೊಡ್ಡ ಮಗನನ್ನು ಶಾಲೆಗೆ ಕಳಿಸುವವರು ಯಾರು, ಎಮ್ಮೆ ಹಾಲು ಹಿಂಡುವವರು ಯಾರು? ಇಷ್ಟೆಲ್ಲ ಮಾಡಿ ಹೋದರೆ ಥೆರಪಿ ನಡೆಯುವುದು ಮುಕ್ಕಾಲು ತಾಸು. ಒಂದೆರಡು ವಾರ ಹೋದಾಗ ಆ ಮೇಡಂ ರಜೆಯಲ್ಲಿದ್ದರು, ಹೇಳುವವರೇ ಇರಲಿಲ್ಲ.

ಏಳನೇ ವಾರಕ್ಕೆ ನಿಂತಿತು.

ಅಷ್ಟರಲ್ಲಿ ಮಷೀನಿನ ಬ್ಯಾಟರಿಯೂ ಮುಗಿಯಿತು. ಅಂಗಿಗುಂಡಿಗಿಂತ ಸಣ್ಣ ಬ್ಯಾಟರಿ, ಎರಡು ವಾರ ಬಂದರೆ ಹೆಚ್ಚು. ನಮ್ಮೂರಿನ ಅಂಗಡಿಯಲ್ಲಿ ಸಿಗುವುದಿಲ್ಲ, ತಾಲ್ಲೂಕಿನಲ್ಲೂ ಸಿಗಲಿಲ್ಲ. ಕಿವಿ ಮಷೀನು ಟ್ರಂಕಿನಲ್ಲಿ, ಬಂಗಾರದ ಓಲೆಯ ಡಬ್ಬಿಯ ಪಕ್ಕ, ನಾಲ್ಕು ತಿಂಗಳು ಕೂತಿತು. ನಿಮ್ಮೂರಿನಲ್ಲೂ ಇಂಥ ಟ್ರಂಕುಗಳಿರುತ್ತವೆ. ಅಳತೆಗೆ ಹೊಂದದ ಕ್ಯಾಲಿಪರ್, ಮಗು ಬೆಳೆದ ಮೇಲೆ ಸಣ್ಣದಾದ ಬೂಟು, ಕೊಟ್ಟಿಗೆಯಲ್ಲಿ ಕೋಳಿ ಕೂತ ವೀಲ್‌ಚೇರು. ಇವೆಲ್ಲ ಇಲಾಖೆಯ ಸಾಧನೆಯ ಪಟ್ಟಿಯಲ್ಲಿ ಇನ್ನೂ ಜೀವಂತ ಇವೆ.

ಆದ್ದರಿಂದ ನಮ್ಮ ಮಾತು ಇಷ್ಟೇ. ಪತ್ತೆ ಹಚ್ಚಿ ಚೀಟಿ ಬರೆದು 60 ಕಿಲೋಮೀಟರ್ ದೂರಕ್ಕೆ ಕಳಿಸುವುದನ್ನು ನೆರವು ಅಂತ ಕರೆಯಬೇಡಿ. ನೆರವು ಪಂಚಾಯ್ತಿಗೆ ಬರಬೇಕು. ವಾರದಲ್ಲಿ ಒಂದು ದಿನ, ಒಂದು ಕೋಣೆ, ನೆಲಕ್ಕೊಂದು ದಪ್ಪ ಚಾಪೆ, ಮಕ್ಕಳು ಮತ್ತು ತಾಯಂದಿರು, ಅವರಿಗೆ ಕಲಿಸುವ ಒಬ್ಬರು.

ಇದಕ್ಕೆ ಹಣ ಎಲ್ಲಿದೆ ಅಂತ ಪಿಡಿಒ ಕೇಳುತ್ತಾರೆ. ಗ್ರಾಮ ಪಂಚಾಯ್ತಿಯ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು ಅನ್ನುವ ನಿಯಮ ಇದೆ. ಆ ಹಣದಲ್ಲಿ ಹೆಚ್ಚಿನ ಕಡೆ ಏನಾಗುತ್ತದೆ ಅಂದರೆ, ಮಾರ್ಚ್ ತಿಂಗಳಲ್ಲಿ ಕಂಬಳಿ, ಕುರ್ಚಿ, ವಾಕಿಂಗ್ ಸ್ಟಿಕ್ ಖರೀದಿ, ವಿತರಣೆ, ಫೋಟೊ. ಆ ಫೋಟೊ ನಮ್ಮ ವಾಟ್ಸ್‌ಆ್ಯಪಿಗೂ ಬರುತ್ತದೆ, ನಾವು ಹಾಕುತ್ತೇವೆ. ದೊಡ್ಡವರಿಗೆ ಕಂಬಳಿ ಬೇಡ ಅನ್ನುತ್ತಿಲ್ಲ. ಆದರೆ ಎರಡು ವರ್ಷದ ಕೂಸಿನ ಪಾಲು ಅದರಲ್ಲಿ ಎಲ್ಲಿದೆ? ಕೂಸಿಗೆ ಮತ ಇಲ್ಲ, ಫೋಟೊದಲ್ಲಿ ಸರಿಯಾಗಿ ನಿಲ್ಲುವುದೂ ಇಲ್ಲ.

ಕಲಿಸುವವರು ಎಲ್ಲಿದ್ದಾರೆ ಅನ್ನುವುದು ಇನ್ನೊಂದು ಪ್ರಶ್ನೆ, ಅದು ನ್ಯಾಯವಾದದ್ದು. ಪಂಚಾಯ್ತಿಗೊಬ್ಬ ಥೆರಪಿಸ್ಟ್ ಸಿಗುವುದಿಲ್ಲ, ಮುಂದಿನ 20 ವರ್ಷದಲ್ಲೂ ಸಿಗುವುದು ಅನುಮಾನ. ಆದರೆ ಪ್ರತಿ ಪಂಚಾಯ್ತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನಮ್ಮ ರಾಜ್ಯ ಇಟ್ಟಿದೆ. ಊರಿನಲ್ಲಿ ವಿಆರ್‌ಡಬ್ಲ್ಯು ಅಂತ ಕರೆಯುತ್ತಾರೆ. ತಾಲ್ಲೂಕಿಗೆ ಎಂಆರ್‌ಡಬ್ಲ್ಯು ಇದ್ದಾರೆ. ಬಹುಪಾಲು ಅವರೂ ವಿಕಲಚೇತನರೇ, ಮನೆಮನೆಯ ಕಷ್ಟ ಬಲ್ಲವರು. ಅವರಿಗೆ ಸಿಗುವುದು ತೀರಾ ಕಡಿಮೆ ಗೌರವಧನ, ಅವರಿಂದ ಮಾಡಿಸುವುದು ಪಿಂಚಣಿ ಅರ್ಜಿ, ಜೆರಾಕ್ಸ್, ಸಮೀಕ್ಷೆ. ಅವರಿಗೆ ಸರಿಯಾಗಿ ಕೆಲ ತಿಂಗಳು ತರಬೇತಿ ಕೊಟ್ಟು, ತಿಂಗಳಿಗೊಮ್ಮೆ ಜಿಲ್ಲೆಯ ಥೆರಪಿಸ್ಟ್ ಹೋಬಳಿಗೆ ಬಂದು ಪ್ರತಿ ಮಗುವಿಗೂ ಏನು ಮಾಡಿಸಬೇಕು ಅಂತ ಬರೆದುಕೊಟ್ಟು, ಉಳಿದ ವಾರ ಇವರು ಮಾಡಿಸಿದರೆ ಆಗದೇ?

ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆ. ಸುಮಾರು ಹತ್ತು ವರ್ಷದ ಹಿಂದೆ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಟ್ಟಿಗೇ ಒಂದು ಪ್ರಯೋಗ ನಡೆಯಿತು. (ಗಡಿಯಾಚೆ ಈಚೆ ಜಗಳ ಏನೇ ಇರಲಿ, ಎರಡೂ ಕಡೆ ತಾಯಂದಿರ ಪಾಡು ಒಂದೇ ಅಂತ ಆ ಸಂಶೋಧಕರಿಗೆ ಗೊತ್ತಿತ್ತು.) ಆಟಿಸಂ ಇರುವ 65 ಮಕ್ಕಳ ಕುಟುಂಬಗಳು ಅದರಲ್ಲಿದ್ದವು. ಕಲಿಸಲು ಹೋದವರು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ತಾಯಿ ಅಥವಾ ತಂದೆ ಕೂಸಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ಅವರಿಗೇ ತೋರಿಸಿ, "ಇಲ್ಲಿ ನೋಡ್ರಿ, ಕೂಸು ನಿಮ್ಮ ಕಡೆ ನೋಡಿತು, ಆಗ ನೀವೇನು ಮಾಡಬಹುದಿತ್ತು" ಅಂತ ಮಾತಾಡುವುದು. ಇಷ್ಟೇ ಕೆಲಸ, ಆರು ತಿಂಗಳಲ್ಲಿ 12 ಸಲ. ಆ ಮಕ್ಕಳು ತಾವಾಗಿ ತಂದೆ-ತಾಯಿಯ ಜೊತೆ ಸಂಪರ್ಕಕ್ಕೆ ಬರುವುದು ಹೆಚ್ಚಾಯಿತು. ವಿಡಿಯೊ ತೆಗೆಯುವ ಫೋನು ಈಗ ನಿಮ್ಮ ಕೈಯಲ್ಲೇ ಇದೆ, ಇದನ್ನು ಓದುತ್ತಿರುವುದು ಅದರಲ್ಲೇ.

ಪರೀಕ್ಷೆಯ ಸಾಮಾನಿಗೂ ವಿದೇಶಿ ಪೆಟ್ಟಿಗೆ ಬೇಡ. ಆಫ್ರಿಕಾದ ಮಲಾವಿ ನಮಗಿಂತ ಬಡ ದೇಶ. ಪಾಶ್ಚಾತ್ಯ ದೇಶಗಳ ಪರೀಕ್ಷೆಯಲ್ಲಿ ಅಲ್ಲಿನ ಹಳ್ಳಿಯ ಮಕ್ಕಳನ್ನು ಸರಿಯಾಗಿ ಅಳೆಯಲು ಆಗುವುದಿಲ್ಲ ಅಂತ ಕಂಡುಕೊಂಡು, ಅಲ್ಲಿನ ದಿನನಿತ್ಯದ ವಸ್ತು, ಅಲ್ಲಿನ ಆಟಗಳಿಗೆ ಹೊಂದುವ ತಮ್ಮದೇ ಪರೀಕ್ಷೆಯೊಂದನ್ನು 2010ರ ಹೊತ್ತಿಗೆ ರೂಪಿಸಿಕೊಂಡರು. ನಮ್ಮಲ್ಲೂ ಅಜ್ಜಿಯರು ಅಂಗಳದಲ್ಲಿ "ಚಂದಪ್ಪ ಎಲ್ಲಿ ಅದಾನ?" ಅಂತ ಕೇಳುತ್ತಾರೆ. ಒಂದೂವರೆ ವರ್ಷದ ಕೂಸು ಬೆರಳು ತೋರಿಸಬೇಕು. ಅಜ್ಜಿಗೆ ಗೊತ್ತಿಲ್ಲದೇ ಅದು ಒಳ್ಳೆಯ ಪರೀಕ್ಷೆ.

ಅಂದಹಾಗೆ, ಏನು ನೋಡಬೇಕು ಅಂತ ಕೇಳುವವರಿಗೆ ಇಷ್ಟು ಹೇಳುತ್ತೇವೆ. ಮೂರು ತಿಂಗಳಾದರೂ ಮುಖ ನೋಡಿ ನಗದ ಕೂಸು. ನಾಲ್ಕು ತಿಂಗಳು ದಾಟಿದರೂ ಕುತ್ತಿಗೆ ನಿಲ್ಲದ ಕೂಸು. ಒಂಬತ್ತು-ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂಡದ ಕೂಸು. ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗದ, ಬಾ-ಬಾ, ದಾ-ದಾ ಅನ್ನದ ಕೂಸು. ಒಂದೂವರೆ ವರ್ಷಕ್ಕೂ ನಡೆಯದ, ಒಂದೂ ಮಾತಾಡದ, ಬೇಕಾದ್ದನ್ನು ಬೆರಳು ಮಾಡಿ ತೋರಿಸದ ಕೂಸು. ಎರಡು ವರ್ಷಕ್ಕೂ "ಅವ್ವಾ ಬಾ", "ಹಾಲು ಬೇಕು" ಅಂತ ಎರಡು ಪದ ಕೂಡಿಸದ ಕೂಸು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಹಿಡಿದೇ ಇಟ್ಟಿದ್ದರೆ "ಎಡಚ, ಜಾಣ ಆಗತಾನ" ಅಂತ ಖುಷಿಪಡಬೇಡಿ, ತೋರಿಸಿ. ಇದಕ್ಕಿಂತ ಮುಖ್ಯವಾದದ್ದು, ಬರುತ್ತಿದ್ದ ಮಾತು, ಬರುತ್ತಿದ್ದ ನಗು ನಿಂತುಹೋದರೆ ಯಾವ ವಯಸ್ಸೇ ಇರಲಿ ಒಂದು ವಾರವೂ ಕಾಯಬೇಡಿ. ಇವುಗಳಲ್ಲಿ ಬಹಳಷ್ಟು ನಿಮ್ಮ ತಾಯಿ ಕಾರ್ಡಿನಲ್ಲೇ ಚಿತ್ರ ಸಮೇತ ಇವೆ. ನಮ್ಮ ಮನೆಯಲ್ಲಿ ಲಸಿಕೆಯ ಪುಟ ಬಿಟ್ಟರೆ ಬೇರೆ ಪುಟ ಯಾರೂ ತೆರೆದಿರಲಿಲ್ಲ.

ಹೀಗಿದ್ದ ಕೂಸಿಗೆಲ್ಲ ತೊಂದರೆ ಇದ್ದೇ ಇರುತ್ತದೆ ಅಂತಲ್ಲ. ಕೆಲವು ನಿಜವಾಗಿಯೂ ತಡವಾಗಿ ಮಾತಾಡುತ್ತವೆ. ಆದರೆ ಯಾವುದು ಯಾವುದು ಅಂತ ಅಂಗಳದಲ್ಲಿ ನಿಂತು ತೀರ್ಮಾನಿಸಲು ಆಗುವುದಿಲ್ಲ. ತೋರಿಸಿ ಏನೂ ಇಲ್ಲ ಅಂದರೆ ಒಂದು ದಿನದ ಕೂಲಿ ಹೋಯಿತು, ಅಷ್ಟೇ.

"ಓದಿಲ್ಲದ ಕಾರ್ಯಕರ್ತೆ ಮಗುವಿನ ಕೈಕಾಲು ಎಳೆದು ಹೆಚ್ಚುಕಮ್ಮಿ ಆದರೆ?" ಅಂತ ಒಬ್ಬ ವೈದ್ಯರು ನಮ್ಮನ್ನು ಕೇಳಿದರು. ಅವರ ಭಯ ಸುಳ್ಳಲ್ಲ. ಅದಕ್ಕೇ ಥೆರಪಿಸ್ಟ್ ಹೋಬಳಿಗೆ ಬರಬೇಕು ಅನ್ನುತ್ತಿದ್ದೇವೆ, ಅವರನ್ನು ಬಿಟ್ಟು ನಡೆಸಿ ಅನ್ನುತ್ತಿಲ್ಲ. ಆದರೆ ಮನೆಯಲ್ಲಿ ಮಾಡುವ ಕೆಲಸದಲ್ಲಿ ಬಹುಪಾಲು ಎಳೆಯುವುದು ಜಗ್ಗುವುದು ಅಲ್ಲ. ಕೈಕಾಲು ಬಿಗಿಯಾದ ಕೂಸಿಗೆ ಮಲಗಿಸಿ ಉಣಿಸಬೇಡಿ, ತಲೆ ಎತ್ತಿ ಕೂಡಿಸಿ ಉಣಿಸಿ, ಇಲ್ಲದಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಕಾಲು ಕತ್ತರಿಯಂತೆ ಹೆಣೆದುಕೊಳ್ಳುವ ಕೂಸನ್ನು ಹೆಗಲಿಗೆ ನೇರ ಹಾಕಿಕೊಳ್ಳುವ ಬದಲು ಕಾಲು ಅಗಲಿಸಿ ಸೊಂಟದ ಮೇಲೆ ಎತ್ತಿಕೊಳ್ಳಿ. ಮಾತು ಬಾರದ ಕೂಸಿನ ಎದುರು, ಅದರ ಮುಖದ ಮಟ್ಟಕ್ಕೆ ಕೂತು, ರೊಟ್ಟಿ ಬಡಿಯುವಾಗ "ರೊಟ್ಟಿ" ಅನ್ನಿ, ನೀರು ಸುರಿಯುವಾಗ "ನೀರು" ಅನ್ನಿ. ನೂರು ಸಲ. ಇದನ್ನು ಹೇಳಿಕೊಡಲು ಎಂಬಿಬಿಎಸ್ ಬೇಕೇ? ಹೇಳುವವರು ಯಾರೂ ಇಲ್ಲದ್ದಕ್ಕೆ ತಾಯಂದಿರು ವರ್ಷಗಟ್ಟಲೆ ತಪ್ಪು ಮಾಡುತ್ತಾರೆ, ಅದರಿಂದ ಆಗುವ ಹೆಚ್ಚುಕಮ್ಮಿಗೆ ಲೆಕ್ಕ ಇಟ್ಟವರಿಲ್ಲ.

ಚಾಪೆಯ ಇನ್ನೊಂದು ಲಾಭ ಯಾವ ಯೋಜನೆಯಲ್ಲೂ ಬರೆದಿರುವುದಿಲ್ಲ. ನಾಲ್ಕು ತಾಯಂದಿರು ಒಂದೇ ಕಡೆ ಕೂತರೆ "ನನ್ನ ಹಣೆಬರಹ" ಅನ್ನುವುದು ಕಡಿಮೆಯಾಗುತ್ತದೆ. ಹಿಂದಿನ ಕೋಣೆಯ ಕೂಸು ಹೊರಗೆ ಬರುವುದು ಭಾಷಣದಿಂದಲ್ಲ, ಇನ್ನೊಂದು ಮನೆಯ ಕೂಸು ಹೊರಗೆ ಬಂದದ್ದನ್ನು ಕಂಡು.

ಕಾಗದಪತ್ರದ ಬಗ್ಗೆ ಚುಟುಕಾಗಿ. 1995ರ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯ ಇದ್ದವು, 2016ರ ಕಾನೂನಿನಲ್ಲಿ 21 ಆಗಿವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಾತಿನ ತೊಂದರೆ, ಕಲಿಕೆಯ ತೊಂದರೆ ಈಗ ಅದರಲ್ಲಿವೆ. "ಕೈಕಾಲು ನೆಟ್ಟಗಿವೆಯಲ್ಲ, ಕಾರ್ಡು ಬರುವುದಿಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ಅಂಗವೈಕಲ್ಯ ಇರುವವರಿಗೆ ಕೇಂದ್ರದ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸಲು ಶಿಕ್ಷಣ ಇಲಾಖೆಯಲ್ಲಿ ತಾಲ್ಲೂಕಿಗೆ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಬಿಇಒ ಕಚೇರಿಯಲ್ಲಿ ಕೇಳಿ. ಕಿವಿ-ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ರಾಯಚೂರಿನಿಂದ ಮೈಸೂರು ಎಷ್ಟು ದೂರ ಅಂತ ನಕ್ಷೆ ನೋಡಿದರೆ, ನಾವು ಚಾಪೆಗೆ ಯಾಕೆ ಜಗಳ ಮಾಡುತ್ತಿದ್ದೇವೆ ಅಂತ ತಿಳಿಯುತ್ತದೆ.

ಕೂಸಿಗೆ ಈಗ ಆರು ವರ್ಷ, ಒಂದನೇ ಕ್ಲಾಸು. ಟ್ರಂಕಿನಿಂದ ಮಷೀನು ಹೊರಗೆ ಬಂದಿದೆ. ನಾವು ಜಿಲ್ಲಾ ಕೇಂದ್ರಕ್ಕೆ ಸುದ್ದಿಗೆ ಹೋದಾಗಲೆಲ್ಲ ಬ್ಯಾಟರಿ ತರುತ್ತೇವೆ. ಇಪ್ಪತ್ತು-ಮೂವತ್ತು ಪದ ಸ್ಪಷ್ಟವಾಗಿ ಹೇಳುತ್ತಾಳೆ, ಉಳಿದದ್ದನ್ನು ಕೈಯಲ್ಲಿ. ಅವಳ ವಯಸ್ಸಿನ ಮಕ್ಕಳು ಕತೆ ಹೇಳುತ್ತವೆ. ಎರಡನೇ ವರ್ಷಕ್ಕೇ ಮಷೀನು ಹಾಕಿ ವಾರವಾರ ಕಲಿಸಿದ್ದರೆ ಎಷ್ಟು ಮಾತಾಡುತ್ತಿದ್ದಳೋ ಅಂತ ಕೇಳಬೇಡಿ. ವೈನಿ ದಿನಾ ಕೇಳಿಕೊಳ್ಳುತ್ತಾರೆ, ಅದು ಸಾಕು.

ಮುಂದಿನ ತಿಂಗಳು ನಮ್ಮ ಪಂಚಾಯ್ತಿಯಲ್ಲಿ ವಿಕಲಚೇತನರ ಗ್ರಾಮಸಭೆ ಇದೆ. ಪ್ರತಿ ವರ್ಷ ಅದಕ್ಕೆ ಹತ್ತು ಜನ ಬರುತ್ತಾರೆ, ಅದರಲ್ಲಿ ನಾವು ಒಬ್ಬರು, ಫೋಟೊಕ್ಕೆ. ಈ ಸಲ ಶೇ 5ರ ಹಣದ ಮೂರು ವರ್ಷದ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇವೆ, ಸಿಕ್ಕರೆ ಸಭೆಯಲ್ಲೇ ಓದುತ್ತೇವೆ, ಇಲ್ಲಿಯೂ ಹಾಕುತ್ತೇವೆ. ನಿಮ್ಮ ಪಂಚಾಯ್ತಿಯದನ್ನೂ ಕೇಳಿ ಕಳಿಸಿ. ವೈನಿಯೂ ಬರುತ್ತೇನೆ ಅಂದಿದ್ದಾರೆ. ಮೈಕಿನ ಮುಂದೆ ಎಂದೂ ನಿಂತವರಲ್ಲ. ಏನು ಕೇಳುತ್ತೀರಿ ಅಂದರೆ, "ಮೊದಲು ಬ್ಯಾಟರಿ ಇಲ್ಲೇ ಸಿಗಂಗ ಮಾಡ್ರಿ ಅಂತೀನಿ. ಚಾಪಿ ಮಾತು ನೀವು ತೆಗೀರಿ" ಅಂದರು.